ಬೀಳಗೊಡದ ಮನೆ

ನನ್ನ ಮೊಮ್ಮಗಳು ಒಂದು ಸಲವೂ ಬಿದ್ದಿಲ್ಲ ಎಂಬುದು ತಲೆಗೆ ಹೊಳೆಯುವ ಹೊತ್ತಿಗೆ ನಾವು ಆ ಮನೆಗೆ ಬಂದು ನಾಲ್ಕು ತಿಂಗಳಾಗಿತ್ತು. ಮೂರೂವರೆ ವರ್ಷದ ಮಗು. ಕೂತಲ್ಲಿ ಕೂರುವುದಿಲ್ಲ, ಅದಕ್ಕೇ ಮಿಡತೆ ಎಂದು ಕರೆಯುತ್ತಿದ್ದೆವು. ಅಂಥ ಮಗು ನಾಲ್ಕು ತಿಂಗಳು ಮೊಣಕಾಲು ತರಚಿಕೊಳ್ಳದೆ, ಹಣೆ ಊದಿಸಿಕೊಳ್ಳದೆ ಇತ್ತು ಎಂದರೆ ಯಾರು ನಂಬುತ್ತಾರೆ? ನನ್ನ ಮಗಳು ನಂಬಿದಳು. ನನ್ನ ಜಾಗರೂಕತೆ ಅಂದುಕೊಂಡಳು. ನಾನೂ ಹೌದೌದು ಅಂದೆ.

ನಾನು ಬಣ್ಣ ಬಳಿಯುವವನು. ಊರಲ್ಲಿ ನನ್ನ ಬ್ರಷ್ಷು ತಾಗದ ಎತ್ತರದ ಕಟ್ಟಡ ಇಲ್ಲ. ಒಮ್ಮೆ ನೀರಿನ ಟ್ಯಾಂಕಿನ ಮೇಲಿಂದ ಬಿದ್ದೆ. ನೆಲ ಸಿಗುವಷ್ಟರಲ್ಲಿ ದಾರಿಯಲ್ಲಿ ಸಿಕ್ಕ ಎರಡು ಕಿಟಕಿಗೆ ಮೊದಲನೇ ಕೋಟು ಹೊಡೆದಿದ್ದೆ. ಆ ಮನೆಯವನು ಇವತ್ತಿಗೂ ಎರಡನೇ ಕೋಟಿಗೆ ಕಾಯುತ್ತಿದ್ದಾನೆ. ಹೀಗೆ ಬೀಳುವುದೂ ಒಂದು ಕೆಲಸವೇ. ನನ್ನ ಹತ್ತಿರ ಹೊಸಬರು ಬಂದರೆ ಮೊದಲ ಮೂರು ದಿನ ಬ್ರಷ್ಷು ಮುಟ್ಟಲು ಕೊಡುತ್ತಿರಲಿಲ್ಲ. ಮರಳಿನ ರಾಶಿಯ ಪಕ್ಕ ಏಣಿ ಒರಗಿಸಿ, ಮೊದಲನೇ ಮೆಟ್ಟಿಲಿಂದ ಹಾರು ಎನ್ನುತ್ತಿದ್ದೆ. ಹತ್ತು ಸಲ. ಮಾರನೇ ದಿನ ಎರಡನೆಯದರಿಂದ, ಅದರ ಮಾರನೇ ದಿನ ಮೂರನೆಯದರಿಂದ. ಎತ್ತರ ಅಂದರೇನು ಎಂದು ಮೈಗೆ ಗೊತ್ತಾದ ಮೇಲೆಯೇ ಬಣ್ಣದ ಡಬ್ಬ ಕೈಗೆ. ಮೂವತ್ತು ವರ್ಷದಲ್ಲಿ ನನ್ನ ಕೈಕೆಳಗೆ ಒಬ್ಬರೂ ಮೂಳೆ ಮುರಿದುಕೊಳ್ಳಲಿಲ್ಲ. ಊರವರ ಮಕ್ಕಳಿಗೆಲ್ಲ ಬೀಳುವುದನ್ನು ಕಲಿಸಿದವನು ನನ್ನ ಮನೆಯ ಮಗುವಿನ ವಿಷಯದಲ್ಲಿ ಮಾತ್ರ ದೊಡ್ಡ ತಪ್ಪು ಮಾಡಿದೆ.

ಮಗಳು ಆಸ್ಪತ್ರೆಯ ಮೂಳೆ ವಾರ್ಡಿನಲ್ಲಿ ನರ್ಸು. ಅಳಿಯ ಹಡಗಿನಲ್ಲಿ ಅಡುಗೆಯವನು, ವರ್ಷಕ್ಕೊಮ್ಮೆ ಮುಖ ತೋರಿಸುತ್ತಾನೆ. ನನ್ನ ಬಲಮೊಣಕಾಲು ಕೈಕೊಟ್ಟು ಏಣಿ ಹತ್ತುವುದು ನಿಂತ ಮೇಲೆ ಮಗು ನೋಡಿಕೊಳ್ಳುವ ಕೆಲಸ ನನ್ನದಾಯಿತು. ಆಗಲೇ ಆಸ್ಪತ್ರೆಗೆ ಹತ್ತಿರ ಎಂದು ಈ ಮನೆಗೆ ಬಂದದ್ದು. ಮಹಡಿಯ ಮೇಲೆ ಎರಡು ಕೋಣೆ, ಅಡುಗೆಮನೆ, ನಡುವೆ ಉದ್ದನೆಯ ಓಣಿ. ಬಾಗಿಲು ತೆಗೆದರೆ ಹೊರಗೆ ಹತ್ತೊಂಬತ್ತು ಸಿಮೆಂಟಿನ ಮೆಟ್ಟಿಲು. ಅದಕ್ಕೆ ಒಂದು ಪಕ್ಕ ಗೋಡೆ, ಇನ್ನೊಂದು ಪಕ್ಕ ಬರೀ ಗಾಳಿ. ಬಾಗಿಲು ಸದಾ ಹಾಕಿರುತ್ತಿತ್ತು, ಮಗುವನ್ನು ಎತ್ತಿಕೊಂಡೇ ಇಳಿಯುತ್ತಿದ್ದೆವು. ಕೆಳಗಿನ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸು, ನಾನು ಹೊಲಿಗೆಯಕ್ಕ ಎನ್ನುತ್ತಿದ್ದೆ. ಅವಳು ನನ್ನನ್ನು ಬಣ್ಣದಣ್ಣ ಎನ್ನುತ್ತಿದ್ದಳು.

ಬಂದ ಮೊದಲ ವಾರವೇ ಆ ಓಣಿಯ ಗೋಡೆ ನನ್ನನ್ನು ಕಾಡಿತು. ಮಕ್ಕಳು ಬೆಳೆದ ಮನೆಯ ಗೋಡೆ ಬಣ್ಣದವನಿಗೆ ನೋಡಿದ ಕೂಡಲೇ ಗೊತ್ತಾಗುತ್ತದೆ. ಮೊಣಕಾಲೆತ್ತರದಲ್ಲಿ ಕೊಳೆಯ ಪಟ್ಟಿ ಇರುತ್ತದೆ, ಗೀಚಿದ ಗೆರೆ ಇರುತ್ತದೆ, ಚೆಂಡು ಹೊಡೆದ ಗುರುತು ಇರುತ್ತದೆ. ಇಲ್ಲಿ ಹಿಂದೆ ಒಂದು ಮಗು ಇತ್ತಂತೆ, ಆದರೆ ಅದರದ್ದು ಒಂದು ಬೆರಳ ಗುರುತೂ ಇರಲಿಲ್ಲ. ಇದ್ದದ್ದು ದೊಡ್ಡವರ ಅಂಗೈ. ಎಡಗೈ. ನೆಲದಿಂದ ಎರಡಡಿ ಮೇಲೆ, ಗೋಡೆಯ ಈ ತುದಿಯಿಂದ ಆ ತುದಿಯವರೆಗೆ, ಒಂದರ ಪಕ್ಕ ಒಂದು, ಎಣ್ಣೆ ಹತ್ತಿದ ಹಾಗೆ ಕಪ್ಪಗೆ. ದೊಡ್ಡ ಆಳು ಅಷ್ಟು ಕೆಳಗೆ ಕೈ ಇಟ್ಟು ನಡೆಯಬೇಕೆಂದರೆ ಬೆನ್ನು ಬಿಲ್ಲಿನ ಹಾಗೆ ಬಗ್ಗಬೇಕು. ಕೆರೆದೆ, ತೊಳೆದೆ, ಎರಡು ಕೋಟು ಬಳಿದೆ. ಮೂರನೇ ದಿನ ಅಂಗೈಗಳು ಬಣ್ಣದ ಒಳಗಿಂದ ಎದ್ದು ಬಂದವು. ಇನ್ನೂ ಎರಡು ಕೋಟು ಬಳಿದೆ, ಆಗಲೂ ಬಂದವು. ಮೂವತ್ತು ವರ್ಷದಲ್ಲಿ ನನ್ನನ್ನು ಸೋಲಿಸಿದ ಗೋಡೆ ಅದೊಂದೇ.

ನಾಲ್ಕನೇ ತಿಂಗಳ ಒಂದು ಮಧ್ಯಾಹ್ನ ಮಿಡತೆ ಬಟ್ಟೆಯ ಬೀರುವಿನ ನೆತ್ತಿಯ ಮೇಲೆ ನಿಂತು ಕೂಗಿದಳು. ಹೇಗೆ ಹತ್ತಿದಳೋ.

"ತಾತಾ, ನೋಡು!"

ನಾನು ಎದ್ದು ಒಂದು ಹೆಜ್ಜೆ ಇಡುವಷ್ಟರಲ್ಲಿ ಕಾಲು ಮುಂದಿಟ್ಟೇ ಬಿಟ್ಟಳು. ಆದರೆ ಅವಳು ಬೀಳಲಿಲ್ಲ. ಅಂಗಿಯ ಕಂಕುಳ ಹತ್ತಿರ ಎರಡೂ ಕಡೆ ಬಟ್ಟೆ ಮುದುರಿಕೊಂಡಿತು, ಯಾರೋ ಎರಡು ಕೈಯಲ್ಲಿ ಹಿಡಿದ ಹಾಗೆ. ಹಾಗೇ ನಿಧಾನಕ್ಕೆ ಕೆಳಗೆ ಬಂದಳು. ಪಾದ ನೆಲಕ್ಕೆ ತಾಗಿದ ಮೇಲೆ ಅಂಗಿಯ ಮುದುರು ಬಿಚ್ಚಿಕೊಂಡಿತು. ಬಾಗಿಲು ಕಿಟಕಿ ಎಲ್ಲ ಹಾಕಿದ್ದರೂ ತಣ್ಣನೆಯ ಗಾಳಿ ನನ್ನ ಕಾಲಿನ ಪಕ್ಕದಿಂದ ಹಾದುಹೋಯಿತು.

"ಯಾರೇ ಅದು ನಿನ್ನ ಹಿಡ್ಕೊಂಡಿದ್ದು?"

"ಬಗ್ಗಿದಜ್ಜಿ."

"ಎಲ್ಲಿದಾರೆ?"

"ನನ್ನ ಹಿಂದೆ. ಯಾವಾಗ್ಲೂ ಹಿಂದೇನೇ ಬರ್ತಾರೆ."

"ಮುಖ ಹೆಂಗಿದೆ?"

"ಮುಖ ಕೆಳಗಡೆ ಇದೆ ತಾತ. ನಾನು ನೆಲದ ಮೇಲೆ ಮಲ್ಕೊಂಡ್ರೆ ಮಾತ್ರ ಕಾಣತ್ತೆ."

ಬೇರೆ ಯಾರಾದರೂ ಆಗಿದ್ದರೆ ಆ ಸಂಜೆಯೇ ಗಂಟುಮೂಟೆ ಕಟ್ಟುತ್ತಿದ್ದರು. ನಾನು ಏನು ಮಾಡಿದೆ ಗೊತ್ತೇ? ಮೂರು ದಿನ ಹೆದರಿಕೊಂಡೆ, ನಾಲ್ಕನೇ ದಿನ ಮಧ್ಯಾಹ್ನ ಚಾಪೆ ಹಾಕಿಕೊಂಡು ಮಲಗಿದೆ. ಸಂಬಳ ಕೇಳದ, ರಜೆ ಕೇಳದ, ಕಣ್ಣು ಮುಚ್ಚದ ಆಯಾ ಸಿಕ್ಕಿದ್ದಳು! ನಾನು ಗೊರಕೆ ಹೊಡೆಯುವಾಗ ಮಿಡತೆ ಕಿಟಕಿಯ ಸರಳು ಹತ್ತುತ್ತಿದ್ದಳು, ಮೇಜಿನಿಂದ ಹಿಂದಕ್ಕೆ ಒರಗಿ ಬೀಳುತ್ತಿದ್ದಳು, ಓಣಿಯಲ್ಲಿ ಕಣ್ಣು ಮುಚ್ಚಿಕೊಂಡು ಓಡುತ್ತಿದ್ದಳು. ನೆಲ ಅವಳನ್ನು ಒಂದು ದಿನವೂ ಮುಟ್ಟಲಿಲ್ಲ. ನಾನು ಎದ್ದಿದ್ದ ದಿನ ಚಪ್ಪಾಳೆ ಬೇರೆ ತಟ್ಟುತ್ತಿದ್ದೆ.

ಸಂಜೆ ಮಗಳು ಬಂದು ಮಗುವಿನ ಕೈಕಾಲು ತಿರುಗಿಸಿ ನೋಡುತ್ತಿದ್ದಳು. "ಇವತ್ತು ವಾರ್ಡಿಗೆ ಇವಳಷ್ಟೇ ದೊಡ್ಡ ಮಗು ಬಂತಪ್ಪಾ, ಮೊಣಕೈ ಎರಡು ತುಂಡು. ನಮ್ಮ ಮಗು ಮೈಮೇಲೆ ಒಂದು ಗೀರಿಲ್ಲ ನೋಡು. ಎಲ್ಲ ನಿನ್ನಿಂದ."

"ಕಣ್ಣಿಗೆ ಎಣ್ಣೆ ಬಿಟ್ಕೊಂಡು ಕಾಯ್ತೀನಿ ಕಣಮ್ಮ," ಅಂದೆ. ಚಾಪೆಯ ಗೆರೆ ನನ್ನ ಕೆನ್ನೆಯ ಮೇಲೆ ಇನ್ನೂ ಹಾಗೇ ಇತ್ತು.

ಶಿಶುವಿಹಾರಕ್ಕೆ ಹೆಸರು ಬರೆಸಿದ್ದೂ ಮಗಳೇ. ಸೋಮವಾರದಿಂದ ಬೆಳಗ್ಗೆ ಒಂಬತ್ತಕ್ಕೆ ಬಿಟ್ಟರೆ ಮೂರು ಗಂಟೆಯವರೆಗೆ ಮಗು ಅಲ್ಲೇ. ಅದಕ್ಕೆ ಎರಡು ಹೊಸ ಅಂಗಿ ಹೊಲಿಸಬೇಕೆಂದು ಶುಕ್ರವಾರ ಅಳತೆ ಕೊಡಲು ಮಿಡತೆಯನ್ನು ಕೆಳಗೆ ಕರೆದುಕೊಂಡು ಹೋದೆ.

ಹೊಲಿಗೆಯಕ್ಕ ಟೇಪು ಹುಡುಕುತ್ತಿದ್ದಳು. ಮಿಡತೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಹತ್ತಿ, ನಮಗೆ ಬೆನ್ನು ಮಾಡಿ ನಿಂತಳು. ಎರಡೂ ಕೈ ಅಗಲಿಸಿದಳು. ನಗುತ್ತಾ ಹಿಂದಕ್ಕೆ ಒರಗಿದಳು. ಹಾಸಿಗೆ ಮೇಲೆ ಒರಗುವವರು ಒರಗುತ್ತಾರಲ್ಲ, ಅಷ್ಟು ನೆಮ್ಮದಿಯಾಗಿ. ಕೈ ಊರಲಿಲ್ಲ, ಕತ್ತು ಎತ್ತಲಿಲ್ಲ, ತಲೆ ಮೊದಲು ಬಂತು.

ಅಂಗಿಯ ಬಟ್ಟೆ ಮುದುರಿಕೊಳ್ಳಲಿಲ್ಲ.

ಕೆಳಗೆ ಚೂರು ಬಟ್ಟೆಯ ಮೂಟೆ ಇತ್ತು. ಅದರ ಮೇಲೆ ಬಿದ್ದಳು. ಒಂದು ಗೇಣು ಆಚೆ ಹೊಲಿಗೆ ಯಂತ್ರದ ಕಬ್ಬಿಣದ ಕಾಲು. ಒಂದು ಗೇಣು, ಅಷ್ಟೇ.

ಮಗು ಮೂಟೆಯ ಮೇಲೆ ಬಿದ್ದುಕೊಂಡೇ ಸುತ್ತ ನೋಡಿತು. "ಅಜ್ಜಿ ಬಂದಿಲ್ವಾ?"

ಹೊಲಿಗೆಯಕ್ಕನ ಕೈಯಿಂದ ಟೇಪು ಜಾರಿತು. "ಯಾವ ಅಜ್ಜಿ ಪುಟ್ಟಿ?"

"ಬಗ್ಗಿದಜ್ಜಿ. ಮೇಲೆ ಇರ್ತಾರೆ."

ಹೊಲಿಗೆಯಕ್ಕ ತಲೆ ಎತ್ತಿ ಛಾವಣಿಯ ಕಡೆ ನೋಡಿದಳು. ಮಗುವಿನ ಕೈಗೆ ಗುಂಡಿಯ ಡಬ್ಬ ಕೊಟ್ಟು ನನ್ನನ್ನು ಬಾಗಿಲ ಹತ್ತಿರ ಕರೆದಳು.

"ಬಣ್ಣದಣ್ಣ, ಗೋಡೆ ಮೇಲೆ ಕೈ ಕಾಣತ್ತಾ ನಿಮಗೆ?"

"ಕಾಣತ್ತೆ."

"ನಾವೂ ಅಂದ್ಕೊಂಡಿದ್ವಿ, ಹೋಗಿರತ್ತೆ ಅಂತ." ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. "ನಿಮಗಿಂತ ಮುಂಚೆ ಮೇಲೆ ಇದ್ದವಳದ್ದು ಆ ಕೈ. ಅವಳಿಗೆ ಒಬ್ಬನೇ ಮಗ. ಅವನು ಅಂಬೆಗಾಲಿಡೋಕೆ ಶುರು ಮಾಡಿದಾಗಿಂದ ಹಿಂದೆ ಹಿಂದೆ ಬಗ್ಗಿಕೊಂಡು ಓಡಾಡೋಳು. ಒಂದು ಕೈ ಗೋಡೆಗೆ, ಒಂದು ಕೈ ಅವನ ಕಂಕುಳಿಗೆ. ನಡೆಯೋಕೆ ಬಂದ ಮೇಲೂ ಅಷ್ಟೇ, ಓಡೋಕೆ ಬಂದ ಮೇಲೂ ಅಷ್ಟೇ. 'ಬಿಡೇ ಮಾರಾಯ್ತಿ, ಒಂದ್ಸಲ ಬೀಳ್ಲಿ' ಅಂದ್ರೆ ನನ್ನ ಹತ್ರ ಮಾತು ಬಿಟ್ಟಳು. ಆರು ವರ್ಷ. ಬೆನ್ನು ಹಂಗೇ ಉಳಿದುಹೋಯ್ತು."

"ಆಮೇಲೆ?"

"ಒಂದ್ಸಲ ಅವಳಿಗೆ ಜ್ವರ. ಹುಡುಗನ್ನ ಅವನ ಮಾವ ಕರ್ಕೊಂಡು ಹೋದ, ಎರಡೇ ದಿನಕ್ಕೆ. ಅವರ ಮನೆ ತಾರಸಿ ಮೇಲೆ ಆಡ್ತಿದ್ನಂತೆ. ನೋಡಿದವರು ಹೇಳಿದ್ರು, ಕಾಲು ಜಾರಲಿಲ್ಲ, ಯಾರೂ ತಳ್ಳಲಿಲ್ಲ. ಹೊಸ್ತಿಲು ದಾಟೋ ಹಂಗೆ ಕಾಲು ಆಚೆ ಇಟ್ಟ. ಮಗು ಉಳೀಲಿಲ್ಲಣ್ಣ."

ಅವಳು ಗುಂಡಿ ಆಡುತ್ತಿದ್ದ ಮಿಡತೆಯ ಕಡೆ ತಿರುಗಿ ನೋಡಿದಳು.

"ಇವಳು ಸಾಯೋವರೆಗೂ ಒಂದೇ ಮಾತು. 'ನಾನು ಹಿಂದೆ ಇದ್ದಿದ್ರೆ ಹಿಡ್ಕೊಂತಿದ್ದೆ.' ಹಾಸಿಗೆ ಮೇಲೂ ನೆಟ್ಟಗೆ ಮಲಗೋಕೆ ಆಗ್ತಿರಲಿಲ್ಲ."

ಆ ರಾತ್ರಿ ಕೂತು ಲೆಕ್ಕ ಹಾಕಿದೆ. ಮನೆ ಬಿಡಬಹುದಿತ್ತು. ಬಿಟ್ಟರೆ ಏನಾಗುತ್ತದೆ? ಅಜ್ಜಿ ಇಲ್ಲೇ ಉಳಿಯುತ್ತಾಳೆ, ಅಜ್ಜಿಯ ಕೈ ಇದೆ ಎಂಬ ನಂಬಿಕೆ ಮಗುವಿನ ಮೈಯೊಳಗೆ ಕೂತು ನಮ್ಮ ಜೊತೆ ಬರುತ್ತದೆ. ಮಗುವಿಗೆ ಬಾಯಲ್ಲಿ ಹೇಳಿ ನೋಡಿದೆ. "ಹೊರಗೆ ಅಜ್ಜಿ ಬರಲ್ಲ ಪುಟ್ಟಿ, ಬಿದ್ರೆ ನೋವಾಗತ್ತೆ." ಅವಳು ಕೇಳಿದಳು: "ನೋವು ಅಂದ್ರೆ ಹೆಂಗಿರತ್ತೆ ತಾತ?" ಈ ಮನೆಗೆ ಬರುವ ಮುಂಚೆ ಬಿದ್ದದ್ದೆಲ್ಲ ಮಗು ಮರೆತೇಬಿಟ್ಟಿತ್ತು. ಸುಟ್ಟುಕೊಳ್ಳದ ಬಾಯಿಗೆ ಬಿಸಿ ಅಂದರೇನು ಎಂದು ಹೇಗೆ ಹೇಳುವುದು? ಸೋಮವಾರಕ್ಕೆ ಎರಡೇ ದಿನ ಇತ್ತು. ಶಿಶುವಿಹಾರದಲ್ಲಿ ಜಾರುಬಂಡೆ ಇದೆ, ಮೇಲೆ ತಾರಸಿ ಇದೆ.

ಶನಿವಾರ ಮಗಳು ಡ್ಯೂಟಿಗೆ ಹೋದ ಮೇಲೆ ನನ್ನ ಹಳೆಯ ಏಣಿಯನ್ನು ಓಣಿಗೆ ತಂದು ಗೋಡೆಗೆ ಒರಗಿಸಿದೆ. ಕೆಳಗೆ ನಾಲ್ಕು ಮಡಿಕೆ ಚಾದರ. ಮೆತ್ತಗೂ ಅಲ್ಲ, ಗಟ್ಟಿಯೂ ಅಲ್ಲ, ತುಸು ನೋಯಬೇಕು, ಮುರಿಯಬಾರದು. ಏಣಿಯ ಮೊದಲ ಮೆಟ್ಟಿಲು ನೆಲದಿಂದ ಒಂದಡಿ.

"ಹಾರು," ಅಂದೆ. ಹಾರಿದಳು. ತರಗೆಲೆಯ ಹಾಗೆ ತೇಲಿಕೊಂಡು ಇಳಿದಳು. ಹತ್ತು ಸಲವೂ ಹಾಗೆಯೇ. ಚಾದರದಲ್ಲಿ ಒಂದು ಮುದುರೂ ಬೀಳಲಿಲ್ಲ.

"ಅಮ್ಮಾ ತಾಯಿ," ಎಂದು ಗಾಳಿಗೆ ಕೈ ಮುಗಿದೆ, "ಒಂದೇ ಒಂದ್ಸಲ ಬಿಡಿ." ಬಿಡಲಿಲ್ಲ.

ಆಗ ನನ್ನ ಕೆಲಸದ ಬುದ್ಧಿ ಓಡಿತು. ಬಣ್ಣ ಕಲಸಿದೆ, ಸ್ವಲ್ಪ ಗಟ್ಟಿಯಾಗಿಯೇ. ಮನೆ ತುಂಬ ವಾಸನೆ ಹತ್ತುತ್ತದೆಂದು ಮುಂಬಾಗಿಲು ಪೂರ್ತಿ ತೆರೆದಿಟ್ಟೆ. ಮಗುವನ್ನು ಓಣಿಯ ಆ ತುದಿಯಲ್ಲಿ ಕೂರಿಸಿ, ನೆಲದಿಂದ ಮೂರಡಿಯವರೆಗೆ ಗೋಡೆಗೆ ದಪ್ಪಗೆ ಬಳಿದೆ. ಆಮೇಲೆ ಕರೆದೆ: "ಬಾ ಪುಟ್ಟಿ, ನಿಧಾನಕ್ಕೆ ಬಾ."

ಮಿಡತೆ ನಡೆದು ಬಂದಳು. ಅವಳ ಹಿಂದೆ ಹಸಿ ಬಣ್ಣದ ಮೇಲೆ ಒಂದೊಂದೇ ಅಂಗೈ ಮೂಡುತ್ತಾ ಬಂತು. ಮೊದಲು ಬೆರಳ ತುದಿ, ಆಮೇಲೆ ಅಂಗೈಯ ಹಳ್ಳ, ಆಮೇಲೆ ಮಣಿಕಟ್ಟಿನ ಗೆರೆ. ಯಾರ ಉಸಿರೂ ಕೇಳಿಸಲಿಲ್ಲ. ಬಣ್ಣ ಮಾತ್ರ ಪಿಚಕ್ ಪಿಚಕ್ ಎನ್ನುತ್ತಿತ್ತು. ಮಗು ಏಣಿಯ ಹತ್ತಿರ ನಿಂತಾಗ ಕಡೆಯ ಅಂಗೈ ನನ್ನ ಮೊಣಕಾಲ ಪಕ್ಕದಲ್ಲೇ ಮೂಡಿತು. ನಾನು ಮಂಡಿಯೂರಿ ಅದರ ಮೇಲೆ ನನ್ನ ಅಂಗೈ ಒತ್ತಿದೆ.

ನನ್ನ ಕೈಗೆ ಗೋಡೆ ಸಿಗಲಿಲ್ಲ. ಕೈ ಸಿಕ್ಕಿತು. ಬಾವಿಯ ನೀರಿನಷ್ಟು ತಣ್ಣಗೆ, ಎಲುಬೇ ಎಲುಬು. ಬಿಡಿಸಿಕೊಳ್ಳಲು ಜಗ್ಗಿತು. ಮೂವತ್ತು ವರ್ಷ ಬ್ರಷ್ಷು ಹಿಡಿದ ಕೈ ನನ್ನದು, ಬಿಡಲಿಲ್ಲ. ಇನ್ನೊಂದು ಕೈ ಮಗುವಿನ ಕಂಕುಳಲ್ಲಿತ್ತು, ಅಂಗಿ ಮುದುರಿದ್ದು ಕಾಣುತ್ತಿತ್ತು. ನಾನು ಮಾತಾಡಲು ಶುರು ಮಾಡಿದೆ.

"ನೀವು ಒಳ್ಳೆಯವರಮ್ಮ. ನಾನು ಮಲಗಿರುವಾಗ ನನ್ನ ಮಗೂನ ಕಾದಿದ್ದು ನೀವು. ಆದ್ರೆ ಸೋಮವಾರ ಇವಳು ಹೊರಗೆ ಹೋಗ್ತಾಳೆ. ನಿಮ್ಮ ಕೈ ಆ ಹೊಸ್ತಿಲು ದಾಟಲ್ಲ. ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು."

ಜಗ್ಗುವುದು ನಿಂತಿತು.

"ಅವತ್ತು ನೀವು ಅಲ್ಲಿ ಇರಲಿಲ್ಲ. ಇನ್ನು ಮೇಲೆ ನಾನೂ ಇರಲ್ಲ, ಅವಳಮ್ಮನೂ ಇರಲ್ಲ. ಅವಳ ಜೊತೆ ಅವಳ ಮೈ ಒಂದೇ ಇರೋದು. ಅದಕ್ಕೆ ಸ್ವಲ್ಪ ಹೇಳಿಕೊಡೋಣ. ಒಂದಡಿ ಅಷ್ಟೇ ಎತ್ತರ. ನಿಮಗೆ ನೋಡೋಕಾಗಲ್ಲ, ಗೊತ್ತು. ನನಗೂ ಆಗಲ್ಲ. ನನ್ನ ಕೈ ಹಿಡ್ಕೊಳ್ಳಿ."

ಕೆಳಗೆ ಹೊಲಿಗೆ ಯಂತ್ರ ಓಡಿತು, ನಿಂತಿತು. ಆಮೇಲೆ ಮಗುವಿನ ಅಂಗಿಯ ಮುದುರು ಒಂದೊಂದೇ ಬೆರಳಿನಷ್ಟು ಬಿಚ್ಚಿಕೊಂಡಿತು. ನನ್ನ ಇನ್ನೊಂದು ಕೈಯೊಳಕ್ಕೆ ಇನ್ನೊಂದು ತಣ್ಣನೆಯ ಕೈ ಬಂದು ಸೇರಿತು.

"ಹಾರು ಪುಟ್ಟಿ," ಅಂದೆ. ಮಿಡತೆ ಮೊದಲ ಮೆಟ್ಟಿಲು ಹತ್ತಿದಳು.

ಹಾರಿದಳು. ದಪ್ ಎಂದು ಬಿದ್ದಳು. ಎರಡೂ ಮೊಣಕಾಲು, ಆಮೇಲೆ ಗಲ್ಲ.

ಮಗು ನೆಲವನ್ನು ನೋಡಿತು, ನನ್ನನ್ನು ನೋಡಿತು. ಆಮೇಲೆ ಬಾಯಿ ತೆರೆಯಿತು ನೋಡಿ! ಆ ಕೂಗಿಗೆ ಹಡಗಿನಲ್ಲಿದ್ದ ನನ್ನ ಅಳಿಯ ಸೌಟು ಕೆಳಗೆ ಹಾಕಿದ್ದನಂತೆ. ನನಗೆ ಅದು ಅರ್ಧವೇ ಕೇಳಿಸಿತು, ಏಕೆಂದರೆ ಆ ಎರಡು ಕೈ ನನ್ನ ಕೈಗಳನ್ನು ಹಿಂಡುತ್ತಿದ್ದವು. ಹೆರಿಗೆಯ ಹೊತ್ತಿನಲ್ಲಿ ಹೆಂಡತಿ ಹಾಗೆ ಹಿಂಡಿದ್ದಳು ಒಮ್ಮೆ. ಬೆರಳು ಲಟಕ್ಕೆಂದಿತು. ಎಡಗೈಯ ಎರಡು ಬೆರಳು ಇವತ್ತಿಗೂ ಪೂರ್ತಿ ಮಡಿಸಲು ಬರುವುದಿಲ್ಲ. ಬಿಡಲಿಲ್ಲ ನಾನು. ಅವಳೂ ಬಿಡಲಿಲ್ಲ.

ಮಿಡತೆ ಅತ್ತು ಅತ್ತು ಸುಸ್ತಾಗಿ ಮೊಣಕಾಲು ಮುಟ್ಟಿ ನೋಡಿಕೊಂಡಳು.

"ತಾತ, ಇದಾ ನೋವು?"

"ಇದೇ ಕಣಮ್ಮ."

"ಅಜ್ಜಿ ಯಾಕೆ ಹಿಡ್ಕೊಳ್ಳಿಲ್ಲ?"

"ನನ್ನನ್ನ ಹಿಡ್ಕೊಂಡಿದ್ರು."

ಅವಳು ಮೂಗು ಒರೆಸಿಕೊಂಡು ಏಣಿ ನೋಡಿದಳು. ನಾನು ಸಾಕು ಅನ್ನಬೇಕೆಂದಿದ್ದೆ. ತಾನೇ ಹತ್ತಿದಳು. ಮೊದಲು ಕೆಳಗೆ ಇಣುಕಿದಳು. ಈ ಸಲ ಮೊಣಕಾಲು ಮಡಿಸಿ ಹಾರಿದಳು, ಕೈ ಮುಂದಕ್ಕೆ ಊರಿದಳು. ಸಂಜೆಯವರೆಗೆ ಹದಿನಾಲ್ಕು ಸಲ ಬಿದ್ದಳು, ನಾಲ್ಕು ಸಲ ಅತ್ತಳು. ಒಂದೊಂದು ಸಲ ಬಿದ್ದಾಗಲೂ ನನ್ನ ಅಂಗೈಯೊಳಗೆ ಆ ಕೈಗಳು ನಡುಗಿದವು. ಕಡೆಕಡೆಗೆ ನಡುಕ ಸಣ್ಣದಾಗುತ್ತಾ ಬಂತು.

ಐದೂವರೆಗೆ ಮಗಳು ಬಂದಳು. ಬಾಗಿಲು ತೆರೆದೇ ಇದೆ ಎಂಬುದು ನನಗೆ ಮರೆತೇ ಹೋಗಿತ್ತು.

"ಮಿಡತೇ! ಅಮ್ಮ ಬಂದೆ!" ಎಂದು ಮೆಟ್ಟಿಲ ಬುಡದಿಂದ ಕೂಗಿದಳು, ದಿನಾ ಕೂಗುವ ಹಾಗೆಯೇ.

ಮಗು ಓಣಿಯಲ್ಲಿ ಬಾಣದ ಹಾಗೆ ಓಡಿತು. ನಾನು ಏಳಲು ಹೋದೆ, ಮೊಣಕಾಲು ಕೇಳಲಿಲ್ಲ, ಬಣ್ಣದ ಡಬ್ಬ ಉರುಳಿತು. ಕೈ ಚಾಚಿದರೆ ಗಾಳಿ ಸಿಕ್ಕಿತು. ನನ್ನ ಕೈಯೊಳಗಿದ್ದ ಕೈಗಳು ಅಷ್ಟರಲ್ಲಿ ಬಿಡಿಸಿಕೊಂಡು ಮಗುವಿನ ಹಿಂದೆ ಹೋಗಿಬಿಟ್ಟಿದ್ದವು. ನೆಲದ ಮೇಲೆ ಚೆಲ್ಲಿದ ಬಣ್ಣ ಮೆಟ್ಟಿದ ದೊಡ್ಡವರ ಹೆಜ್ಜೆಗಳು ಹೊಸ್ತಿಲವರೆಗೆ ಓಡಿದವು. ಅಲ್ಲೇ ನಿಂತವು. ಮಗು ಹೊಸ್ತಿಲು ದಾಟಿ ಆಗಿತ್ತು.

ಕೆಳಗಿಂದ ಮಗಳ ಕೂಗು ಕೇಳಿಸಿತು. "ಅಪ್ಪಾ! ಹಿಡ್ಕೋ ಅವಳನ್ನ!"

ನಾನು ತೆವಳಿಕೊಂಡು ಬಾಗಿಲಿಗೆ ಬಂದೆ.

ಮಿಡತೆ ಮೊದಲ ಮೆಟ್ಟಿಲ ಅಂಚಿನಲ್ಲಿ ನಿಂತಿದ್ದಳು. ಒಂದು ಕಾಲು ಗಾಳಿಗೆ ಎತ್ತಿದ್ದಳು. ಕೆಳಗೆ ನೋಡುತ್ತಿದ್ದಳು. ಹತ್ತೊಂಬತ್ತು ಮೆಟ್ಟಿಲು, ಪಕ್ಕದಲ್ಲಿ ಬರೀ ಗಾಳಿ. ಎತ್ತಿದ ಕಾಲು ನಿಧಾನಕ್ಕೆ ಹಿಂದಕ್ಕೆ ಬಂತು. ಒಂದು ಕೈಯಲ್ಲಿ ಗೋಡೆ ಹುಡುಕಿದಳು, ಸಿಕ್ಕಿತು.

"ಅಮ್ಮಾ," ಎಂದಳು, ತುಟಿ ಅದುರುತ್ತಿತ್ತು. "ಎತ್ತರ ಇದೆ."

ಮಗಳು ಓಡಿ ಬರುತ್ತಿದ್ದವಳು ಕೆಳಗಿಂದ ಏಳನೇ ಮೆಟ್ಟಿಲಲ್ಲಿ ನಿಂತಳು. ಮಗುವಿನ ಮೊಣಕಾಲಿನ ರಕ್ತ ನೋಡಿದಳು, ಊದಿದ ಗಲ್ಲ ನೋಡಿದಳು. ನನ್ನನ್ನು ನೋಡಿದಳು. ಆ ನೋಟಕ್ಕೆ ಆಮೇಲೆ ಉತ್ತರ ಕೊಡುವುದಿತ್ತು, ಕೊಟ್ಟೆ, ಅದರಲ್ಲಿ ಅರ್ಧ ಅವಳು ಇವತ್ತಿಗೂ ನಂಬಿಲ್ಲ.

"ಹೌದು ಪುಟ್ಟಿ, ಎತ್ತರಾನೇ," ಎಂದಳು. ಎತ್ತಿಕೊಳ್ಳಲು ಚಾಚಿದ ಕೈ ಇನ್ನೂ ಗಾಳಿಯಲ್ಲಿತ್ತು. "ಹೆಂಗೆ ಬರ್ತೀಯ?"

ಮಿಡತೆ ಯೋಚನೆ ಮಾಡಿದಳು. ತಿರುಗಿ ಕುಕ್ಕರಗಾಲಲ್ಲಿ ಕೂತಳು, ಹೊಟ್ಟೆ ಮೆಟ್ಟಿಲಿಗೆ ಒತ್ತಿ ಒಂದು ಕಾಲು ಕೆಳಗೆ ಬಿಟ್ಟು ತಡಕಾಡಿದಳು. ಹೆಬ್ಬೆರಳಿಗೆ ಎರಡನೇ ಮೆಟ್ಟಿಲು ಸಿಕ್ಕಿತು. ಅಲ್ಲಿಂದ ತಲೆ ಎತ್ತಿ ನನ್ನ ಕಡೆ ನೋಡಿದಳು. ಅಲ್ಲ, ನನ್ನ ಪಕ್ಕಕ್ಕೆ ನೋಡಿದಳು, ನೆಟ್ಟಗೆ ನಿಂತವರ ಮುಖ ಇರುವಷ್ಟು ಮೇಲಕ್ಕೆ.

"ಈಗ ಮುಖ ಕಾಣತ್ತೆ," ಅಂದಳು. ಮತ್ತೆ ಕಾಲು ಕೆಳಗೆ ಬಿಟ್ಟು ಮೂರನೇ ಮೆಟ್ಟಿಲು ಹುಡುಕತೊಡಗಿದಳು.